ಕೈಯಲ್ಲಿ ಹಿಡಿಯುವ ಪಿಎಂ 2.5 ಮೀಟರ್: ಅಡುಗೆಮನೆಗೆ ಸರಿ, ರಸ್ತೆಗೆ ನಂಬಬೇಡಿ

ಗಾಳಿಯಲ್ಲಿ ತೇಲುವ, 2.5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು) ಅಥವಾ ಅದಕ್ಕಿಂತ ಸಣ್ಣ ಕಣಗಳಿಗೆ ಪಿಎಂ 2.5 ಅನ್ನುತ್ತಾರೆ. ಅದು ಎಷ್ಟಿದೆ ಅಂತ ತೋರಿಸುವ ಈ ಮೀಟರ್ ಎರಡು ವರ್ಷದಿಂದ ನಮ್ಮ ಮನೆಯಲ್ಲಿದೆ. ಸ್ಕ್ರೀನ್, ಬ್ಯಾಟರಿ, ಆ್ಯಪ್ ಬಗ್ಗೆ ಬೇಕಾದಷ್ಟು ವಿಡಿಯೊ ಇವೆ, ಅದನ್ನೆಲ್ಲ ಬಿಡುತ್ತೇನೆ. ಅಮ್ಮನಿಗೆ ಆಸ್ತಮಾ. ಬೆಂಗಳೂರಿನ ಗಾಳಿ ಹೇಗಿದೆ ಅಂತ ಫೋನ್ ಹೇಳುತ್ತದೆ, ನಿಜ. ಆದರೆ ಅದು ಎಲ್ಲೋ ದೂರದ ಮಾಪನ ಕೇಂದ್ರದ ಗಾಳಿ. ಅಮ್ಮ ಉಸಿರಾಡುವುದು ನಮ್ಮ ಅಡುಗೆಮನೆಯ ಗಾಳಿ ಅಲ್ವಾ? ಅದಕ್ಕೇ ಕೊಂಡಿದ್ದು.

ಬೆಳಗ್ಗೆ ಕಿಟಕಿ ಪಕ್ಕ ಇಟ್ಟರೆ ಅಂಕಿ 30ರ ಆಸುಪಾಸು ಇರುತ್ತದೆ, ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಅಷ್ಟು ಮೈಕ್ರೋಗ್ರಾಂ ಕಣ. ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿತ್ತೋ, ನೂರು ದಾಟುತ್ತದೆ. ದೋಸೆ ಹೆಂಚು ಹೊಗೆಯಾಡಿದರೆ 300. ಊದುಬತ್ತಿಯದು ಇನ್ನೂ ಕಷ್ಟ: ಕಿಟಕಿ ಮುಚ್ಚಿದ್ದರೆ, ಬತ್ತಿ ಉರಿದು ಮುಗಿದ ಮೇಲೂ ಅಂಕಿ ಬೇಗ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ದಿನದ ಸರಾಸರಿ 15 ಮೈಕ್ರೋಗ್ರಾಂ, ನಮ್ಮ ದೇಶದ್ದು 60. ಕ್ಷಣದ ಅಂಕಿಯನ್ನು ದಿನದ ಸರಾಸರಿಗೆ ಹೋಲಿಸುವ ಹಾಗಿಲ್ಲ. ಆದರೂ 300 ನೋಡಿದಾಗ ಎದೆ ಧಸಕ್ಕೆಂದಿತು.

1980ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಮತ್ತು ಜೊತೆಗಾರರು ಗುಜರಾತಿನ ಹಳ್ಳಿಗಳಲ್ಲಿ ಸೌದೆ ಒಲೆ ಮುಂದೆ ಕೂತ ಹೆಂಗಸರ ಮೈಗೇ ಪುಟ್ಟ ಮಾಪಕ ಕಟ್ಟಿ ಅಳೆದಿದ್ದರು. ಊರಿನ ಗಾಳಿ ಬೇರೆ, ಒಬ್ಬೊಬ್ಬರ ಮೂಗಿಗೆ ಹೋಗುವುದು ಬೇರೆ ಅನ್ನುವುದನ್ನು ಹಾಗೆ ತೋರಿಸಿದವರು ಅವರು. ನಮ್ಮದು ಗ್ಯಾಸ್ ಒಲೆ, ಅಷ್ಟು ಹೊಗೆ ಇಲ್ಲ. ಆದರೂ ಅವರ ಮಾತು ನಮ್ಮ ಮನೆಗೂ ಹೊಂದುತ್ತದೆ.

ಈಗ ಅಮ್ಮನದೇ ಒಂದು ಕ್ರಮ ಇದೆ. ಒಲೆ ಹಚ್ಚುವ ಮೊದಲು ಯುಟಿಲಿಟಿ ಬಾಗಿಲು ತೆಗೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಹಾಲ್ ಕಡೆ ಬಾಗಿಲು ಮುಚ್ಚುತ್ತಾರೆ. ಮೀಟರ್ ಫ್ರಿಜ್ ಮೇಲೆ. ಅಡುಗೆ ಮುಗಿದರೂ ಫ್ಯಾನ್ ನಿಲ್ಲಿಸುವುದಿಲ್ಲ. "ಆ ಡಬ್ಬಿ ಏನಂತಿದೆ ನೋಡೋ" ಅಂತಾರೆ. 40ಕ್ಕೆ ಇಳಿದ ಮೇಲೇ ಹಾಲ್ ಬಾಗಿಲು ತೆಗೆಯುವುದು. ಊದುಬತ್ತಿ ಈಗ ಬಾಲ್ಕನಿಯ ತುಳಸಿ ಕುಂಡದ ಹತ್ತಿರ. ಅಮ್ಮನ ರಾತ್ರಿ ಕೆಮ್ಮು ಕಡಿಮೆಯಾಗಿದೆ. ಅದೇ ಹೊತ್ತಿಗೆ ಔಷಧಿಯೂ ಬದಲಾಗಿತ್ತು, ಹಾಗಾಗಿ ಪೂರ್ತಿ ಹೆಸರನ್ನು ಮೀಟರ್‌ಗೆ ಕೊಡಲಾರೆ. ಆದರೂ ಇಷ್ಟಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತ್ತು.

ಬೇಸರ ಶುರುವಾದದ್ದು ಇದನ್ನು ಸ್ಕೂಟರ್‌ನಲ್ಲಿ ಒಯ್ದ ಮೇಲೆ. ಗೊರಗುಂಟೆಪಾಳ್ಯ ಸಿಗ್ನಲ್. ಮುಂದೆ ಹಳೇ ಡೀಸೆಲ್ ಲಾರಿ. ಕಣ್ಣು, ಮೂಗು ಎರಡೂ ಉರಿಯುತ್ತಿವೆ. ಮೀಟರ್ ಮಾತ್ರ ನಮ್ಮ ದೋಸೆ ಹೆಂಚಿಗಿಂತ ಎಷ್ಟೋ ಕಡಿಮೆ ತೋರಿಸುತ್ತಿತ್ತು! ಆಮೇಲೂ ಬೇರೆ ಬೇರೆ ಸಿಗ್ನಲ್‌ಗಳಲ್ಲಿ ಇದೇ ಕಥೆ.

ಕಾರಣ ಒಳಗಿನ ಲೇಸರ್‌ನಲ್ಲಿದೆ. ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಕಣಗಳಿಗೆ ಬಡಿದು ಚದುರುತ್ತದೆ, ಆ ಬೆಳಕಿನಿಂದ ತೂಕವನ್ನು ಅಂದಾಜು ಮಾಡುತ್ತದೆ. ಇಂಥ ಮೀಟರ್‌ಗಳಿಗೆ ಸುಮಾರು 0.3 ಮೈಕ್ರಾನ್‌ಗಿಂತ ಸಣ್ಣ ಕಣ ಸರಿಯಾಗಿ ಕಾಣುವುದಿಲ್ಲ. ಪೈಪಿನಿಂದ ಆಗಷ್ಟೇ ಹೊರಬಂದ ಡೀಸೆಲ್ ಮಸಿಯ ಕಣಗಳಲ್ಲಿ ಹೆಚ್ಚಿನವು 0.1 ಮೈಕ್ರಾನ್‌ಗಿಂತಲೂ ಸಣ್ಣವು. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳೇ ಇದಕ್ಕೆ ಕಾಣದಿದ್ದರೆ ಹೇಗೆ? ಮಂಜು ಬಿದ್ದ ದಿನ ಇದರ ಉಲ್ಟಾ. ನೀರು ಹೀರಿ ಕಣ ಉಬ್ಬುತ್ತದೆ, ನೀರ ಹನಿಯೂ ಲೆಕ್ಕಕ್ಕೆ ಸೇರುತ್ತದೆ, ಅಂಕಿ ಸುಮ್ನೆ ಏರುತ್ತದೆ. ದೊಡ್ಡ ಮಾಪನ ಕೇಂದ್ರಗಳಲ್ಲಿ ಗಾಳಿಯನ್ನು ಬಿಸಿ ಮಾಡಿ ತೇವ ತೆಗೆಯುವ ವ್ಯವಸ್ಥೆ ಇರುತ್ತದೆ. ಕೈಮೀಟರ್‌ನಲ್ಲಿ ಅದೆಲ್ಲಿ?

ಇದೊಂದು ಮಾತೂ ನನ್ನ ಮೀಟರ್‌ನ ಡಬ್ಬಿ ಮೇಲೆ ಇಲ್ಲ. ಸಿಕ್ಕಿದ್ದು 'ನಿಖರ' ಅನ್ನುವ ಪದ ಮಾತ್ರ. ನನಗೆ ಸಿಟ್ಟು ಬರುವುದು ಅಲ್ಲೇ. ಸಿಗ್ನಲ್‌ನಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಪೊಲೀಸರು, ಹೂ ಮಾರುವವರು, ಆಟೊದವರು ಈ ಕಡಿಮೆ ಅಂಕಿ ನೋಡಿ ಮಾಸ್ಕ್ ತೆಗೆದರೆ ಗತಿ ಏನು?

ಮನೆಯಲ್ಲಿ ಉಬ್ಬಸದವರೋ ಪುಟ್ಟ ಮಕ್ಕಳೋ ಇದ್ದರೆ ಕೊಳ್ಳಿ. ಒಂದೊಂದು ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಏರಿತೋ ಇಳಿಯಿತೋ ಅಷ್ಟು ನೋಡಿ. ದಿನವೆಲ್ಲ ರಸ್ತೆಯಲ್ಲೇ ಇರುವವರು ಈ ದುಡ್ಡಿಗೆ ಒಳ್ಳೆ ಎನ್95 ಮಾಸ್ಕ್ ತೊಗೊಳ್ಳಿ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನೇ ಇಲ್ಲ ಅಂದ್ರೆ ಮೊದಲು ಅದನ್ನು ಹಾಕಿಸಿ, ಮೀಟರ್ ಆಮೇಲೆ.