ಮಂಡಿ, ಹಿಮ್ಮಡಿ ನೋವಿದ್ದವರ ವಾಕಿಂಗ್: ಪಾರ್ಕೋ, ರಸ್ತೆಯೋ, ಟ್ರೆಡ್‌ಮಿಲ್ಲೋ?

ವಾಕಿಂಗ್ ಶುರು ಮಾಡಿದ ಮೇಲೆ ಕಾಲು ನೋವು, ಎಲ್ಲಿ ನಡೆದರೆ ಒಳ್ಳೇದು ಅಂತ ಕೇಳಿದ್ದೀರಿ. ನೋವು ಎಲ್ಲಿದೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಗಿ, ಸ್ವಲ್ಪ ಓಡಾಡಿದ ಮೇಲೆ ಕಡಿಮೆಯಾಗುತ್ತದಾ? ಹಾಗಿದ್ದರೆ ಅದು ಹೆಚ್ಚಾಗಿ ಪ್ಲಾಂಟರ್ ಫೇಸಿಯೈಟಿಸ್. ಪಾದದಡಿಯ ದಪ್ಪ ಪಟ್ಟಿ ಪದೇ ಪದೇ ಎಳೆತ, ಒತ್ತಡ ಬಿದ್ದು ನೊಂದಿರುತ್ತದೆ. ಇವರಿಗೆ ಕಾಂಕ್ರೀಟ್ ರಸ್ತೆಗಿಂತ ಪಾರ್ಕಿನ ಮಣ್ಣಿನ ದಾರಿ ವಾಸಿ. ಟ್ರೆಡ್‌ಮಿಲ್ಲೂ ಆಗುತ್ತದೆ, ಆದರೆ ಏರು ಹಾಕಬೇಡಿ. ಮೀನಖಂಡ ಎಳೆದು ಹಿಮ್ಮಡಿ ಇನ್ನೂ ಜಾಸ್ತಿ ನೋಯುತ್ತದೆ.

ಮಂಡಿಚಿಪ್ಪಿನ ಸುತ್ತ ನೋವಿದ್ದರೆ ತೊಂದರೆ ಕೊಡೋದು ಇಳಿಜಾರು. ಮಡಿಕೇರಿಯಂಥ ಏರುತಗ್ಗಿನ ಊರಲ್ಲಿ ರಸ್ತೆ ಬಿಟ್ಟು ಮೈದಾನ ಹುಡುಕಿ. ಇಂಥವರಿಗೆ ಟ್ರೆಡ್‌ಮಿಲ್ ನಿಜಕ್ಕೂ ಅನುಕೂಲ. ಇಳಿಯೋ ಮಾತೇ ಇಲ್ಲ, ನೋವು ಬಂದ ಕೂಡಲೇ ನಿಲ್ಲಿಸಬಹುದು. ಡಾಂಬರು ರಸ್ತೆಯ ಅಂಚು ನೀರು ಹರಿಯಲಿ ಅಂತ ಓರೆಯಾಗಿರುತ್ತದೆ. ದಿನಾ ಒಂದೇ ಬದಿಯಲ್ಲಿ ನಡೆದರೆ ಒಂದು ಕಾಲಿಗೇ ಭಾರ.

ಖರ್ಚಿನ ಲೆಕ್ಕದಲ್ಲಿ ರಸ್ತೆ ಪುಕ್ಕಟೆ. ಟ್ರೆಡ್‌ಮಿಲ್ ದುಬಾರಿ, ಸುಮ್ನೆ ಬಟ್ಟೆ ಒಣಗಿಸೋಕೆ ಬಳಕೆಯಾಗೋದೇ ಹೆಚ್ಚು. ಕೊಳ್ಳೋ ಮೊದಲು ಜಿಮ್ಮಿನಲ್ಲಿ ನಡೆದು ನೋಡಿ, ಆ ದುಡ್ಡಲ್ಲಿ ಒಳ್ಳೇ ಶೂ ಬರುತ್ತದೆ ಅಲ್ವಾ?

ಮಳೆಗಾಲದಲ್ಲಿ ಮಣ್ಣಿನ ದಾರಿ ಜಾರುತ್ತದೆ, ಮರದ ಬೇರು ಬೇರೆ. ಕಣ್ಣು ಮಂಜಾದ ಹಿರಿಯರಿಗೆ ಸಮತಟ್ಟಾದ ರಸ್ತೆಯೇ ಕ್ಷೇಮ.

ಮಂಡಿ ಊದಿಕೊಂಡಿದ್ದರೆ, ಮಡಚೋಕೆ ಆಗದೆ ಹಿಡಿದುಕೊಂಡರೆ ಎಲ್ಲೂ ನಡೆಯಬೇಡಿ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ.