ಬಾಂಡುಂಗಿನ ಏಷ್ಯಾ ಆಫ್ರಿಕಾ ಮ್ಯೂಸಿಯಂ: ಅರ್ಧ ಗಂಟೆ ಸಾಲದು

ಜಕಾರ್ತಾದಲ್ಲಿರುವ ಮಕ್ಕಳ ಮನೆಗೆ ಬರುವ ನಮ್ಮವರು ಬಾಂಡುಂಗಿಗೆ ಹೋಗುವುದು ಹೆಚ್ಚಾಗಿ ಬಟ್ಟೆ ಕೊಳ್ಳಲು. ಫ್ಯಾಕ್ಟರಿ ಔಟ್‌ಲೆಟ್‌ಗಳ ಊರು ಅದು. ಪಿಯು ಮಕ್ಕಳಿಗೆ ವರ್ಷಗಟ್ಟಲೆ ಅಲಿಪ್ತ ನೀತಿಯ (ಅಮೆರಿಕ, ರಷ್ಯ ಎರಡರ ಬಣಕ್ಕೂ ಸೇರದಿರುವ ನೀತಿ) ಪಾಠ ಮಾಡಿ ನಿವೃತ್ತಳಾದ ನನಗೆ ಬೇಕಿದ್ದದ್ದು ಈ ಮ್ಯೂಸಿಯಂ ಇರುವ ಗೆಡುಂಗ್ ಮರ್ದೇಕಾ ಕಟ್ಟಡ ಒಂದೇ. ನಾವು ಹಿಡಿದ ಟೂರ್ ವ್ಯಾನಿನವರು (ಹೆಸರು ಬೇಡ) ಅದಕ್ಕೆ ಕೊಟ್ಟಿದ್ದು ಅರ್ಧ ಗಂಟೆ, ಬಟ್ಟೆ ಅಂಗಡಿಗೆ ಮಧ್ಯಾಹ್ನವಿಡೀ. ಜಗಳವಾಡಿ ಅಲ್ಲೇ ಉಳಿದುಕೊಂಡೆ.

ಹಿಂದೆ ಡಚ್ಚರ ಕ್ಲಬ್ ಆಗಿದ್ದ ಈ ಕಟ್ಟಡದಲ್ಲಿ 1955ರ ಏಪ್ರಿಲ್ 18ರಿಂದ 24ರವರೆಗೆ ಏಷ್ಯಾ ಆಫ್ರಿಕಾ ಸಮ್ಮೇಳನಕ್ಕೆ 29 ದೇಶಗಳು ಸೇರಿದ್ದವು. ಮ್ಯೂಸಿಯಂ ಆಗಿದ್ದು 1980ರಲ್ಲಿ. ಪ್ರವೇಶ ಉಚಿತ. ಹಳೆಯ ಫೋಟೊಗಳು, ಉದ್ಘಾಟನಾ ಭಾಷಣ ಮಾಡುತ್ತಿರುವ ಆಗಿನ ಇಂಡೋನೇಷ್ಯಾ ಅಧ್ಯಕ್ಷ ಸುಕರ್ಣೊ ಅವರ ಬೊಂಬೆ, ಅದರ ಮುಂದೆ ಸೆಲ್ಫಿಗೆ ನೂಕಾಡುವ ಶಾಲಾ ಮಕ್ಕಳು. ನಿಧಾನವಾಗಿ ನೋಡಬೇಕಾದದ್ದು ಯಾರ್‍ಯಾರು ಬಂದಿದ್ದರು ಅನ್ನುವುದನ್ನು. ಅಮೆರಿಕ ಮುಂದಾಳಾದ ಸೇನಾ ಕೂಟ ನೇಟೋದ ಸದಸ್ಯ ಟರ್ಕಿ, ಅಮೆರಿಕದ ಜೊತೆ ಆಗ್ನೇಯ ಏಷ್ಯಾದ ಸೇನಾ ಕೂಟ ಸೀಟೋದಲ್ಲಿದ್ದ ಪಾಕಿಸ್ತಾನ, ಥಾಯ್ಲೆಂಡ್, ಫಿಲಿಪ್ಪೀನ್ಸ್. ಇತ್ತ ಪ್ರಧಾನಿ ಚೌ ಎನ್‌ಲಾಯ್ ಅವರ ಕಮ್ಯುನಿಸ್ಟ್ ಚೀನಾ. ವಿಯೆಟ್ನಾಮಿನಿಂದಂತೂ ಉತ್ತರ, ದಕ್ಷಿಣ ಎಂದು ಎರಡು ನಿಯೋಗ! ಪೂರ್ವ ಯುರೋಪಿನ ಮೇಲೆ ರಷ್ಯದ ಹಿಡಿತವೂ ವಸಾಹತುಶಾಹಿಯೇ ಎಂದು ಸಿಲೋನಿನ (ಇಂದಿನ ಶ್ರೀಲಂಕಾ) ಪ್ರಧಾನಿ ಕೊಟೆಲಾವಾಲಾ ಹೇಳಿದ್ದಕ್ಕೆ ನೆಹರೂ ಸಿಡುಕಿದ್ದೂ ಈ ಸಮ್ಮೇಳನದಲ್ಲೇ. ಯಾರ ಪಕ್ಷಕ್ಕೂ ಸೇರದ ಸಾಧುಗಳ ಸಭೆ ಇದಾಗಿರಲಿಲ್ಲ. ಅಲಿಪ್ತ ಚಳವಳಿ ಸಂಘಟನೆಯಾಗಿ ಹುಟ್ಟಿದ್ದೂ ಇಲ್ಲಲ್ಲ, 1961ರಲ್ಲಿ ಬೆಲ್‌ಗ್ರೇಡಿನಲ್ಲಿ. ಮಕ್ಕಳು ಪರೀಕ್ಷೆಯಲ್ಲಿ ಎರಡನ್ನೂ ಕಲಸಿಬಿಡುತ್ತಿದ್ದರು, ಪಾಪ.

ಇಂದಿನ ಅಲಿಪ್ತತೆ ನೋಡಬೇಕಾದರೆ ಮಾತ್ರ ವ್ಯಾನ್ ಬಿಟ್ಟು ರೈಲಿನಲ್ಲಿ ಹೋಗಿ. ಜಕಾರ್ತಾದ ಹಾಲಿಮ್‌ನಿಂದ ಗಂಟೆಗೆ 350 ಕಿ.ಮೀ. ವೇಗದಲ್ಲಿ ಓಡುವ ವೂಶ್, 2023ರಲ್ಲಿ ಶುರುವಾದದ್ದು, ಚೀನಾದ ತಂತ್ರಜ್ಞಾನ. ಇದೇ ಇಂಡೋನೇಷ್ಯಾ ಫ್ರಾನ್ಸಿನಿಂದ 42 ರಫೇಲ್ ಯುದ್ಧವಿಮಾನ ಕೊಳ್ಳಲು ಒಪ್ಪಂದ ಮಾಡಿಕೊಂಡಿದೆ, ಅಮೆರಿಕದ ಸೇನೆಯೊಡನೆ ಕವಾಯತು ಮಾಡುತ್ತದೆ, 2025ರ ಜನವರಿಯಲ್ಲಿ ರಷ್ಯ, ಚೀನಾ ಇರುವ ಬ್ರಿಕ್ಸ್ ಕೂಟ ಸೇರಿದೆ. ನಾವೇನು ಕಡಿಮೆ? ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆಗಿನ ಕ್ವಾಡ್‌ನಲ್ಲೂ ಇದ್ದೇವೆ, ಬ್ರಿಕ್ಸ್‌ನಲ್ಲೂ ಇದ್ದೇವೆ. ಉಕ್ರೇನ್ ಯುದ್ಧ ನಡೆಯುವಾಗಲೇ ರಷ್ಯದ ತೈಲ ತರಿಸಿದೆವು. 2024ರ ಜನವರಿಯಲ್ಲಿ ಉಗಾಂಡದ ಕಂಪಾಲಾದಲ್ಲಿ ನಡೆದ ಅಲಿಪ್ತ ಶೃಂಗಸಭೆಗೆ ಮಾತ್ರ ಹೋದದ್ದು ವಿದೇಶಾಂಗ ಸಚಿವರು, ಪ್ರಧಾನಿಯಲ್ಲ. ಸಭೆಗಳು ಸಪ್ಪೆಯಾಗಿವೆ ಎಂದು ನೀತಿಯೇ ಸತ್ತಿತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಎಲ್ಲರೊಡನೆ ಚೌಕಾಸಿ ಮಾಡುವ ಹಠ 1955ರದ್ದೇ. ಆದರೆ ಆ ರೈಲಿನ ಖರ್ಚಿನಲ್ಲಿ ಶೇ. 75 ಚೀನಾದ ಬ್ಯಾಂಕಿನ ಸಾಲ. ಎಲ್ಲರೊಡನೆ ವ್ಯಾಪಾರವಿದ್ದರೂ ಆ ಕಂತು ಕಟ್ಟಬೇಕಾದ್ದು ಒಬ್ಬರಿಗೇ. ಇಂಡೋನೇಷ್ಯಾದಷ್ಟು ದೊಡ್ಡ ದೇಶ ಹೇಗೋ ಏಗೀತು, ಇಂಥದೇ ಸಾಲ ಹೊತ್ತ ಲಾವೋಸಿನಂಥ ಪುಟ್ಟ ದೇಶದ ಪಾಡು ಬೇರೆ.

ಮ್ಯೂಸಿಯಮ್ಮಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಸೋಮವಾರ ಬಾಗಿಲು ಹಾಕಿರುತ್ತದೆ. ಉಳಿದ ದಿನಗಳಲ್ಲೂ ತೆರೆದಿರುವ ವೇಳೆ ವಿಚಾರಿಸಿಕೊಂಡೇ ಹೊರಡಿ. ವೂಶ್‌ನಲ್ಲಿ ಬಂದರೆ ಕೊನೆಯ ನಿಲ್ದಾಣದವರೆಗೆ ಹೋಗದೆ ಪದಲರಂಗಿನಲ್ಲಿ ಇಳಿಯಿರಿ. ಅಲ್ಲಿಂದ ಊರೊಳಗೆ ಹೋಗುವ ಫೀಡರ್ ರೈಲಿಗೆ ಬೇರೆ ದುಡ್ಡು ಕೊಡಬೇಕಿಲ್ಲ.