ಮಕ್ಕಳ ಕೈಗೆ ಯಾವ ಆಪ್? ಸೀಕ್, ಮರ್ಲಿನ್, ಸೀಸನ್‌ವಾಚ್ ಮೂರನ್ನೂ ಬಳಸಿ ನೋಡಿದೆ

ಮಗಳಿಗೆ ಒಂಬತ್ತು ವರ್ಷ, ಅಣ್ಣನ ಮಗನಿಗೆ ಆರು. ಜನವರಿಯಿಂದ ಮೇ ತನಕ ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದೆ. ಕೈಯಲ್ಲಿ ಒಂದೇ ಫೋನು, ಅದರಲ್ಲಿ ಗಿಡ, ಮರ, ಹಕ್ಕಿಗಳನ್ನು ಗಮನಿಸಲು ನೆರವಾಗುವ ಈ ಮೂರು ಆಪ್. ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ನಾನು ಗಮನಿಸಲು ಹೊರಟಿದ್ದು ಇಷ್ಟೇ: ಆಪ್ ತೆರೆದ ಮೇಲೆ ಮಗುವಿನ ಕಣ್ಣು ಪರದೆಯಲ್ಲೇ ನಿಲ್ಲುತ್ತದೋ, ಮರದ ಕಡೆಗೆ ತಿರುಗುತ್ತದೋ.

ಸೀಕ್ ಕ್ಯಾಮೆರಾ ಹಿಡಿದ ಜೀವಿಯ ಹೆಸರು ಹೇಳುವ ಆಪ್. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣದವರದು, 2018ರಲ್ಲಿ ಬಂತು. ಖಾತೆ ತೆರೆಯಿರಿ, ಇ-ಮೇಲ್ ಕೊಡಿ ಎನ್ನುವುದಿಲ್ಲ. ಹಾಗಾಗಿ ಮಕ್ಕಳ ಕೈಗೆ ಧೈರ್ಯವಾಗಿ ಕೊಟ್ಟೆ. ಕ್ಯಾಮೆರಾ ಹಿಡಿದರೆ ಪರದೆಯಲ್ಲಿ ಏಳು ಚುಕ್ಕಿ ಕಾಣುತ್ತವೆ, ಜೀವಿಗಳ ವರ್ಗೀಕರಣದ ಒಂದೊಂದು ಮೆಟ್ಟಿಲಿಗೆ ಒಂದೊಂದು. ದೂರದಿಂದ ಹಿಡಿದರೆ ಬರೀ ‘ಸಸ್ಯ’ ಎನ್ನುತ್ತದೆ. ಹತ್ತಿರ ಹೋಗಿ ಎಲೆ, ಹೂವು ಸರಿಯಾಗಿ ತೋರಿಸಿದಂತೆ ಕುಟುಂಬ, ಕುಲ, ಕೊನೆಗೆ ಪ್ರಭೇದದ ತನಕ ಚುಕ್ಕಿ ತುಂಬುತ್ತಾ ಹೋಗುತ್ತದೆ. ಈ ಏರ್ಪಾಡು ನನಗೆ ತುಂಬಾ ಹಿಡಿಸಿತು. ಚುಕ್ಕಿ ತುಂಬಿಸುವ ಆಸೆಗೆ ಮಗು ಎಲೆಯನ್ನು ಮಗುಚಿ ನೋಡುತ್ತದೆ. ಖಾತ್ರಿ ಇಲ್ಲದಿದ್ದರೆ ಆಪ್ ಕುಟುಂಬದ ಹೆಸರಿಗೇ ನಿಂತುಬಿಡುತ್ತದೆ. ಹಿಂದೆ ನಾವು ಬಳಸುತ್ತಿದ್ದ ಇನ್ನೊಂದು ಆಪ್ ಏನು ತೋರಿಸಿದರೂ ಯಾವುದೋ ಒಂದು ಹೆಸರು ಹೇಳಿಯೇ ತೀರುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಆಪ್ ಮಕ್ಕಳಿಗೆ ಬೇಕು.

ಆದರೆ ಹೊಸ ಹೊಸ ಜೀವಿಗಳನ್ನು ಗುರುತಿಸಿದಂತೆ ಆಪ್ ಕೊಡುವ ಬ್ಯಾಡ್ಜ್‌ಗಳೂ ಇವೆ. ಆರು ವರ್ಷದವನಿಗೆ ಬ್ಯಾಡ್ಜ್ ಕಂಡದ್ದೇ ತಡ, ಒಂದು ಗಿಡದಿಂದ ಇನ್ನೊಂದಕ್ಕೆ ಓಟ. ಮನೆಗೆ ಬಂದು “ಏನೇನು ನೋಡಿದೆ?” ಎಂದರೆ “ಹನ್ನೊಂದು!” ಎಂದ. ಹನ್ನೊಂದು ಏನು ಎಂಬುದು ಅವನಿಗೆ ನೆನಪಿರಲಿಲ್ಲ.

ಮರ್ಲಿನ್ ಹಕ್ಕಿಗಳಿಗೆ ಮಾತ್ರ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ 2014ರಲ್ಲಿ ತಂದದ್ದು. ನಮ್ಮ ಕಡೆಯ ಹಕ್ಕಿಗಳ ಮಾಹಿತಿಯ ಪ್ಯಾಕ್ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಹಕ್ಕಿಯ ಹೆಸರು ಕಂಡುಹಿಡಿಯಲು ಇದರಲ್ಲಿ ನಾವು ಬಳಸಿದ್ದು ಎರಡು ದಾರಿ, ಒಂದೇ ಆಪ್ ಆದರೂ ಇವೆರಡನ್ನು ನಾನು ಬೇರೆ ಬೇರೆಯಾಗಿಯೇ ತೂಗುತ್ತೇನೆ. 2021ರಲ್ಲಿ ಸೇರಿದ ಸೌಂಡ್ ಐಡಿ, ಕೂಗು ಕೇಳಿದ ಕೂಡಲೇ ಹೆಸರು ತೋರಿಸುತ್ತದೆ, ಅದೇ ಹಕ್ಕಿ ಮತ್ತೆ ಕೂಗಿದಾಗ ಅದೇ ಹೆಸರು ಮತ್ತೆ ಬೆಳಗುತ್ತದೆ. ಮಾರ್ಚ್‌ನ ಒಂದು ಬೆಳಿಗ್ಗೆ ಹಾಡುತ್ತಿದ್ದದ್ದು ಓರಿಯಂಟಲ್ ಮ್ಯಾಗ್‌ಪೈ ರಾಬಿನ್ ಎಂದು ಬಂತು. ಮನೆಯಲ್ಲಿ ಅಜ್ಜಿಗೆ ಚಿತ್ರ ತೋರಿಸಿದರೆ, “ಇದು ಮಡಿವಾಳ ಹಕ್ಕಿ ಕಣೇ” ಎಂದರು. ಮಗಳ ನೋಟ್‌ಬುಕ್‌ನಲ್ಲಿ ಉಳಿದದ್ದು ಅಜ್ಜಿ ಹೇಳಿದ ಹೆಸರು.

ಇನ್ನೊಂದು ದಿನ ಮರದಿಂದ ಚಿಕ್ ಚಿಕ್ ಎಂದು ಒಂದೇ ಸಮನೆ ಸದ್ದು. ಪರದೆಯಲ್ಲಿ ಒಂದು ಹೆಸರೂ ಬೆಳಗಲಿಲ್ಲ. ಇಬ್ಬರೂ ಫೋನು ನನ್ನ ಕೈಗಿತ್ತು ಮರವನ್ನೇ ಸುತ್ತಿದರು. ಕೊನೆಗೆ ಸಿಕ್ಕಿದ್ದು ಅಳಿಲು. ಆ ವಾರವೆಲ್ಲ ಅದೇ ಮಾತು.

ಮರ್ಲಿನ್‌ನ ಹಳೆಯ ದಾರಿ ಐದು ಪ್ರಶ್ನೆಗಳದು: ಎಲ್ಲಿ, ಯಾವಾಗ, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು. ಮಕ್ಕಳಿಗೆ ಸೌಂಡ್ ಐಡಿಗಿಂತ ಇದೇ ಮೇಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಬಣ್ಣ ಮೂರೇ ಆರಿಸಬಹುದು. ಹೊಟ್ಟೆಯದೋ ಬಾಲದ ಬುಡದ್ದೋ ಎಂದು ಇಬ್ಬರೂ ಜಗಳವಾಡಿ ಮತ್ತೆ ಹಕ್ಕಿಯನ್ನೇ ನೋಡುತ್ತಾರೆ. ಗಾತ್ರದ ಅಳತೆ ಮಾತ್ರ ಗುಬ್ಬಿ, ರಾಬಿನ್, ಕಾಗೆ, ಹೆಬ್ಬಾತು. ಈ ರಾಬಿನ್ ಅಮೆರಿಕದ್ದು, ನಮ್ಮ ಮಕ್ಕಳು ಅದನ್ನೆಲ್ಲಿ ಕಾಣಬೇಕು? ನಾವು ರಾಬಿನ್ ಬದಲು ಗೊರವಂಕ, ಹೆಬ್ಬಾತಿನ ಬದಲು ಕೆರೆಯ ಹೆಜ್ಜಾರ್ಲೆ ಎಂದು ಇಟ್ಟುಕೊಂಡೆವು. ಆಮೇಲೆ ತೊಡಕಾಗಲಿಲ್ಲ. ಕನ್ನಡದಲ್ಲಿ ಇಂಥದ್ದನ್ನು ಮಾಡುವವರು ಮೊದಲು ಈ ಅಳತೆಯನ್ನೇ ಬದಲಿಸಲಿ.

ಸೀಸನ್‌ವಾಚ್ ನೋಡಲು ಮೂರರಲ್ಲೂ ಸಪ್ಪೆ. ಇದನ್ನು ನಡೆಸುವುದು 1996ರಲ್ಲಿ ಮೈಸೂರಿನಲ್ಲೇ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆ. ಒಂದು ಮರ ಆರಿಸಿಕೊಂಡು ವಾರವಾರವೂ ಬರೆಯಬೇಕು: ಚಿಗುರು, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು ಇವೆಯೋ ಇಲ್ಲವೋ, ಇದ್ದರೆ ಸ್ವಲ್ಪವೋ ತುಂಬವೋ. ಅಷ್ಟೇ. ಹೆಸರು ಕಂಡುಹಿಡಿಯುವ ಮೋಜಿಲ್ಲ. ಆರು ವರ್ಷದವನು ಎರಡನೇ ವಾರಕ್ಕೇ ಕೈಬಿಟ್ಟ, ಅವನಿಗೆ ಇದು ಆಗದು.

ಮಗಳು ಮನೆ ಎದುರಿನ ಕಕ್ಕೆ ಮರ ಆರಿಸಿಕೊಂಡಳು. ಫೆಬ್ರವರಿಯಿಡೀ ಹೆಚ್ಚೇನೂ ಬದಲಾಗಲಿಲ್ಲ, ಅವಳಿಗೂ ಬೇಸರ ಬಂತು, ನಾನು ಒತ್ತಾಯಿಸಲಿಲ್ಲ. ಮಾರ್ಚ್‌ನಲ್ಲಿ ಎಲೆ ಉದುರಿತು. ಏಪ್ರಿಲ್‌ನಲ್ಲಿ ಜೋತುಬಿದ್ದ ಗೊಂಚಲುಗಳು ಕಂಡವು. ಹೂವು ಮೇಲಿನಿಂದ ಅರಳುತ್ತಾ ಬರುತ್ತದೆ, ತುದಿಯಲ್ಲಿ ಇನ್ನೂ ಮೊಗ್ಗು. ಇದನ್ನು ಅವಳೇ ಕಂಡು ನನಗೆ ತೋರಿಸಿದಳು. ಇಷ್ಟು ವರ್ಷ ಆ ಮರದ ಕೆಳಗೇ ಓಡಾಡಿದರೂ ನಾನು ಗಮನಿಸಿರಲಿಲ್ಲ. ಹಳದಿ ಹೂವಿನ ನಡುವೆ ಕೋಲಿನಂಥ ಕಪ್ಪು ಕಾಯಿಗಳೂ, ಅಂದರೆ ಬಲಿತ ಹಣ್ಣುಗಳೂ, ನೇತಾಡುತ್ತಿದ್ದವು. ‘ಹೂವು ತುಂಬ, ಹಣ್ಣೂ ತುಂಬ’ ಎಂದು ಬರೆಯಲು ಅವಳಿಗೆ ಮನಸ್ಸು ಒಪ್ಪಲಿಲ್ಲ. “ಅಮ್ಮ, ಹೂವು ಈಗ ತಾನೇ ಬಂತು, ಹಣ್ಣು ಹೇಗೆ ಬಂತು? ಇದು ಹೋದ ವರ್ಷದ್ದಾ?” ಹೌದು, ಕಕ್ಕೆ ಕಾಯಿ ಬಲಿತು ಕಪ್ಪಾಗಲು ತಿಂಗಳುಗಟ್ಟಲೆ ಬೇಕು.

ಎಂಟು ವರ್ಷ ದಾಟಿದ ಮಕ್ಕಳಿಗೆ ಸೀಸನ್‌ವಾಚ್ ಕೊಡಿ, ಜೊತೆಗೆ ಮರ್ಲಿನ್‌ನ ಐದು ಪ್ರಶ್ನೆಗಳು ಇರಲಿ. ಚಿಕ್ಕವರಿಗೆ ಸೀಕ್ ಸಾಕು, ಆದರೆ ಒಂದು ಸಲಕ್ಕೆ ಮೂರೇ ಗಿಡ ಎಂದು ಮೊದಲೇ ಮಾತಾಗಲಿ. ನಮ್ಮ ಮನೆಯಲ್ಲಿ ಈಗ ಹಾಗೇ ನಡೆದಿದೆ. ಮಗಳು ಈ ವರ್ಷದ ಒಂದು ಹಸಿರು ಕಾಯಿಗೆ ಕೆಂಪು ದಾರ ಕಟ್ಟಿಸಿದ್ದಾಳೆ. ಅದು ಕಪ್ಪಾಗುವ ವಾರವನ್ನು ಬರೆದಿಡಬೇಕಂತೆ.